ಅಧಿಕಾರವೂ ಕಾಯಕವೇ: ರಾಜ್ಯಕಾರ್ಯದಲ್ಲಿ ಸ್ತ್ರೀಯರ ಸ್ಥಾನವನ್ನು ಕುರಿತ ಒಂದು ಪಾಠ



ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಒಂದು ಸಂಜೆ ವಚನಪಾಠವು ಮುಗಿದು, ಪ್ರಸಾದವೂ ಆಗಿ, ಜನರು ಮನೆಗಳಿಗೆ ಹೊರಟಿದ್ದ ಸಮಯದಲ್ಲಿ ವಯಸ್ಸಾದ ತಾಯಿಯೊಬ್ಬರು ಹತ್ತಿರಕ್ಕೆ ಬಂದು ಕುಳಿತರು. ಅವರು ಆ ಊರಿನವರಲ್ಲ. ಬೇರೆ ಊರಿನಿಂದ ನೆಂಟರ ಮನೆಗೆಂದು ಬಂದಿದ್ದವರು. ಶರಣು ಮಾಡಿ ಅವರು ಕೇಳಿದ ಪ್ರಶ್ನೆಯಿದು:

“ಬುದ್ಧಿ, ನಮ್ಮ ಸೊಸೆ ಪಂಚಾಯ್ತಿ ಮೆಂಬರಾಗವಳೆ. ಗೆದ್ದೋಳು ಅವಳು, ಮೀಟಿಂಗಿಗೆ ಹೋಗೋನು ನನ್ನ ಮಗ. ಪುಸ್ತಕ ಮನೆಗೇ ಬರ್ತೈತೆ, ಒಲೆ ಮುಂದೆ ಕೂತ್ಕೊಂಡೇ ಸೈನ್ ಹಾಕ್ತಾಳೆ. ಮನೆ ಮಾನ ಮನೇಲೇ ಉಳೀತೈತೆ. ಇದ್ರಾಗೆ ತಪ್ಪೇನೈತೆ?”

ಆ ತಾಯಿಯ ಮಾತಿನಲ್ಲಿ ಕಪಟವಿರಲಿಲ್ಲ. ಸೊಸೆಯನ್ನು ಹೀಗಳೆಯುವ ಭಾವವೂ ಇರಲಿಲ್ಲ. ನಮ್ಮ ಎಷ್ಟೋ ಸದ್ಗೃಹಸ್ಥರ ಮನೆಗಳಲ್ಲಿ ಕೇಳಿಬರುವ ಮಾತನ್ನೇ ಅವರು ಮುಚ್ಚುಮರೆಯಿಲ್ಲದೆ ಆಡಿದ್ದರು. ಆ ಹೊತ್ತಿಗೆ ಕೊಟ್ಟ ಉತ್ತರವು ಚಿಕ್ಕದಾಗಿತ್ತು. ಅದನ್ನು ವಿಸ್ತರಿಸಿ, ಈ ತಿಂಗಳ ಪಾಠವಾಗಿ ಓದುಗರ ಮುಂದಿಡಲಾಗಿದೆ.

೧. ಮಂಟಪದಲ್ಲಿ ಮಾತನಾಡಿದವರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಗೋಷ್ಠಿಯೊಳಗೆ ಸ್ತ್ರೀಯರು ಕುಳಿತಿದ್ದರೆಂಬುದು ಸರ್ವವಿದಿತವಾದ ಸಂಗತಿ. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ಹೆಸರುಗಳು ನಮಗೆ ದೊರೆತಿವೆ. ಅವರಲ್ಲಿ ಅರಮನೆಯನ್ನು ತೊರೆದು ಬಂದ ಅಕ್ಕಮಹಾದೇವಿಯಿದ್ದಾಳೆ. ನೂಲುವ ಕಾಯಕದ ಕದಿರೆ ರೆಮ್ಮವ್ವೆಯಿದ್ದಾಳೆ. ಸಮಾಜವು ತಲೆಯೆತ್ತಲು ಬಿಡದಿದ್ದ ವೃತ್ತಿಯಿಂದ ಬಂದ ಸೂಳೆ ಸಂಕವ್ವೆಯೂ ಇದ್ದಾಳೆ. ಇವರಲ್ಲಿ ಯಾರೂ ಗಂಡನ ಬಾಯಿಂದ ಮಾತನಾಡಲಿಲ್ಲ. ತಮ್ಮ ಅಂಕಿತದಲ್ಲಿ ತಮ್ಮ ಅನುಭವವನ್ನು ತಾವೇ ನುಡಿದರು.

ಅನುಭವಮಂಟಪವನ್ನು ಇಂದಿನ ಶಾಸನಸಭೆಯೆಂದೇ ಹೇಳುವುದು ಅತಿಶಯೋಕ್ತಿಯಾದೀತು. ಅದು ತೆರಿಗೆಯನ್ನು ವಿಧಿಸುವ ಸಭೆಯಾಗಿರಲಿಲ್ಲ, ಅಲ್ಲಿ ಚುನಾವಣೆಯೂ ಇರಲಿಲ್ಲ. ಅದು ಅನುಭಾವದ ಗೋಷ್ಠಿ. ಆದರೆ ಸಭೆಯೆಂಬುದಕ್ಕೆ ಇರಬೇಕಾದ ಮುಖ್ಯ ಲಕ್ಷಣವೊಂದು ಅಲ್ಲಿತ್ತು: ಬಂದವರನ್ನು ಪ್ರಶ್ನಿಸುವುದು, ಬಂದವರು ಉತ್ತರ ಹೇಳುವುದು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಕ್ಕನನ್ನು ತುಂಬಿದ ಸಭೆಯಲ್ಲಿ ಕಠಿನವಾಗಿ ಪರೀಕ್ಷಿಸುತ್ತಾನೆ. ಅಲ್ಲಿ ಯಾವ ಹಿರಿಯ ಶರಣನೂ “ಆಕೆಯ ಪರವಾಗಿ ನಾನು ಹೇಳುತ್ತೇನೆ” ಎಂದು ಉತ್ತರವನ್ನು ಕಸಿದುಕೊಳ್ಳಲಿಲ್ಲ. ಆಕೆ ಹೆಣ್ಣೆಂದು ಪರೀಕ್ಷೆ ಸಡಿಲವಾಗಲಿಲ್ಲ, ಹೆಣ್ಣೆಂದು ಉತ್ತರ ಹೇಳುವ ಅವಕಾಶವೂ ತಪ್ಪಲಿಲ್ಲ. ಗೌರವವೆಂದರೆ ಇದೇ.

೨. ಆಯ್ದಕ್ಕಿ ಲಕ್ಕಮ್ಮನ ಲೆಕ್ಕ

ಈ ಪಾಠಕ್ಕೆ ಇನ್ನೂ ಹತ್ತಿರವಾದ ನಿದರ್ಶನವು ಆಯ್ದಕ್ಕಿ ಲಕ್ಕಮ್ಮನದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಕಂಡೊಡನೆಯೇ ಲಕ್ಕಮ್ಮನು ಅದನ್ನು ಪ್ರಶ್ನಿಸಿದಳು: ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚು ತಂದುದು ಯಾವ ಆಸೆಯಿಂದ? ಹೆಚ್ಚಾದುದನ್ನು ತೆಗೆದ ಕಡೆಗೇ ಮರಳಿಸಿ ಬರಬೇಕೆಂದು ಗಂಡನನ್ನು ಕಳುಹಿಸಿದಳೆಂದು ಪರಂಪರೆಯು ಹೇಳುತ್ತದೆ.

ಇಲ್ಲಿ ಲಕ್ಕಮ್ಮ ಮಾಡಿದ ಕೆಲಸವೇನು? ಆಡಳಿತದ ಭಾಷೆಯಲ್ಲಿ ಹೇಳುವುದಾದರೆ ಅದು ಲೆಕ್ಕಪರಿಶೋಧನೆ. ಸಾರ್ವಜನಿಕ ವಸ್ತುವು ಮನೆಯೊಳಕ್ಕೆ ಅಳತೆ ಮೀರಿ ಬಂದಾಗ, ತಂದವನು ಗಂಡನೇ ಆದರೂ ಕೇಳುವ ಧೈರ್ಯವದು. ಮಾರಯ್ಯನ ದೊಡ್ಡತನವೂ ಇಲ್ಲಿ ಕಡಿಮೆಯದಲ್ಲ. ಹೆಂಡತಿಯ ಮಾತಿನಿಂದ ತನ್ನ ಮಾನ ಹೋಯಿತೆಂದು ಅವನು ಎಣಿಸಲಿಲ್ಲ. ಮಾತು ಸತ್ಯವಾದುದರಿಂದ ನಡೆದುಕೊಂಡನು. ಇಂದು ಪಂಚಾಯತಿಗೆ ಬರುವ ಹಣವೂ ಊರಿನ ಅಕ್ಕಿಯೇ. ಅದರ ಲೆಕ್ಕವನ್ನು ಕೇಳಬೇಕಾದ ಸದಸ್ಯೆಯೇ ಒಲೆಯ ಮುಂದೆ ಕಣ್ಣುಮುಚ್ಚಿ ಸಹಿ ಹಾಕಿದರೆ, ಲಕ್ಕಮ್ಮನ ಬಾಯನ್ನು ನಾವೇ ಮುಚ್ಚಿದಂತಾಗಲಿಲ್ಲವೇ?

೩. ಪೀಠವು ದೊರೆತ ಬಗೆ

ನಾಡಿನ ಹೊಣೆಯು ಕನ್ನಡದ ಸ್ತ್ರೀಯರಿಗೆ ಹೊಸತಲ್ಲ. ಕೆಳದಿಯ ಚೆನ್ನಮ್ಮಾಜಿಯು 1671ರಿಂದ ಸುಮಾರು 25 ವರ್ಷ ರಾಜ್ಯವಾಳಿ, ಔರಂಗಜೇಬನ ಕೋಪವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಕಿತ್ತೂರಿನ ಚೆನ್ನಮ್ಮನು 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದಳು. ಆದರೆ ಇವರು ರಾಜಮನೆತನದವರು. ಸಾಮಾನ್ಯ ಗೃಹಿಣಿಗೆ ಸಭೆಯ ಬಾಗಿಲು ತೆರೆದುದು ಪ್ರಜಾರಾಜ್ಯದ ಕಾಲದಲ್ಲಿ.

ಯಶೋಧರಮ್ಮ ದಾಸಪ್ಪನವರು 1960ರ ದಶಕದಲ್ಲಿ ಮೈಸೂರು ರಾಜ್ಯದ ಮಂತ್ರಿಗಳಾಗಿದ್ದರು; ಸರ್ಕಾರವು ಪಾನನಿಷೇಧವನ್ನು ಸಡಿಲಿಸಲು ಹೊರಟಾಗ, ಒಪ್ಪದೆ, ಮಂತ್ರಿಪದವಿಯನ್ನೇ ಬಿಟ್ಟುಕೊಟ್ಟರು. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಸರೋಜಿನಿ ಮಹಿಷಿಯವರು ಆ ಕ್ಷೇತ್ರವನ್ನು ಸತತವಾಗಿ ನಾಲ್ಕು ಬಾರಿ ಪ್ರತಿನಿಧಿಸಿದರು. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು ಏಳು ಬಾರಿ ಶಾಸಕಿಯಾಗಿ, 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ನಮ್ಮ ನೆರೆಯ ಬಳ್ಳಾರಿಯಿಂದ ಬಸವರಾಜೇಶ್ವರಿಯವರು 1984ರಿಂದ ಮೂರು ಬಾರಿ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ರಾಜ್ಯಮಂತ್ರಿಗಳಾದರು. 1978ರಲ್ಲಿ ಚಿಕ್ಕಮಗಳೂರಿನ ಮತದಾರರು ಇಂದಿರಾಗಾಂಧಿಯವರನ್ನು ಲೋಕಸಭೆಗೆ ಕಳುಹಿಸಿದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ನಮ್ಮ ಜಿಲ್ಲೆಯ ಹಿರಿಯೂರಿನಿಂದ 2018ರಲ್ಲಿ ಕೆ. ಪೂರ್ಣಿಮಾ ಅವರು ಶಾಸಕಿಯಾಗಿ ಆರಿಸಿಬಂದರು.

ಆದರೆ ಇವರು ಎಣಿಕೆಗೆ ಸಿಕ್ಕುವಷ್ಟೇ ಮಂದಿ. ಹಳ್ಳಿಯ ಸಾಮಾನ್ಯ ಸ್ತ್ರೀಯು ಗುಂಪುಗುಂಪಾಗಿ ಸಭೆಗೆ ಬಂದುದು ಕಾನೂನಿನ ಬಲದಿಂದ. ಈ ವಿಷಯದಲ್ಲಿ ಕರ್ನಾಟಕವು ದೇಶಕ್ಕೆ ಮುಂದಾಳಾಯಿತೆಂಬುದು ನಮಗೆ ಅಭಿಮಾನದ ಮಾತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳೂ ಅಬ್ದುಲ್ ನಜೀರ್‌ಸಾಬರು ಪಂಚಾಯತಿ ವ್ಯವಸ್ಥೆಯ ಮಂತ್ರಿಗಳೂ ಆಗಿದ್ದಾಗ, 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಕಾದಿರಿಸಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ದೇಶದ ಪಂಚಾಯತಿಗಳಲ್ಲಿ ಮೂರರಲ್ಲೊಂದು ಪಾಲನ್ನು ಸ್ತ್ರೀಯರಿಗೆ ಕೊಡುವ ಮೊದಲೇ ನಮ್ಮ ಹಳ್ಳಿಗಳು ಆ ಅನುಭವವನ್ನು ಕಂಡಿದ್ದವು. 2010ರ ತಿದ್ದುಪಡಿಯಿಂದ ನಮ್ಮ ರಾಜ್ಯವು ಆ ಪಾಲನ್ನು ಅರ್ಧಕ್ಕೆ ಏರಿಸಿತು.

೪. ಮೇಲಿನ ಸಭೆಗಳ ಸ್ಥಿತಿ

ಹಳ್ಳಿಯಲ್ಲಿ ಅರ್ಧ, ಬೆಂಗಳೂರು ದೆಹಲಿಗಳಲ್ಲಿ ಎಷ್ಟು? 2023ರ ಸಾರ್ವತ್ರಿಕ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿಬಂದ ಸ್ತ್ರೀಯರು 10 ಮಂದಿ. ನೂರಕ್ಕೆ ಐದೂ ಅಲ್ಲ. 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ 74 ಮಂದಿ ಸ್ತ್ರೀಯರು ಬಂದರು; ನಮ್ಮ ರಾಜ್ಯದ 28 ಸ್ಥಾನಗಳಲ್ಲಿ 3 ಮಂದಿ. ಕರ್ನಾಟಕವು ಇಂದಿನವರೆಗೆ ಒಬ್ಬ ಸ್ತ್ರೀಯನ್ನೂ ಮುಖ್ಯಮಂತ್ರಿಯ ಪೀಠದಲ್ಲಿ ಕಂಡಿಲ್ಲ.

ಶಾಸನಸಭೆಗಳಲ್ಲಿಯೂ ಮೂರರಲ್ಲೊಂದು ಪಾಲು ಸ್ತ್ರೀಯರಿಗೆ ಇರಬೇಕೆಂಬ ಮಸೂದೆಯು ಮೊದಲು ಲೋಕಸಭೆಗೆ ಬಂದುದು 1996ರಲ್ಲಿ, ಕನ್ನಡಿಗರಾದ ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ. ಅದು ಬಿತ್ತು, ಎದ್ದಿತು, 2010ರಲ್ಲಿ ರಾಜ್ಯಸಭೆಯನ್ನು ದಾಟಿ ಮತ್ತೆ ನಿಂತಿತು. ಕೊನೆಗೆ 27 ವರ್ಷಗಳ ತರುವಾಯ, 2023ರ ಸೆಪ್ಟೆಂಬರಿನಲ್ಲಿ, ಲೋಕಸಭೆಯಲ್ಲಿ 454 ಮತಗಳ ಒಪ್ಪಿಗೆ ಮತ್ತು 2 ಮತಗಳ ವಿರೋಧದೊಡನೆಯೂ, ರಾಜ್ಯಸಭೆಯಲ್ಲಿ ವಿರೋಧವೇ ಇಲ್ಲದೆಯೂ ಅಂಗೀಕೃತವಾಗಿ ಸಂವಿಧಾನದ 106ನೆಯ ತಿದ್ದುಪಡಿಯಾಯಿತು. ಅಂದು ಅಂಗೀಕಾರವಾದ ರೂಪದಲ್ಲಿ, ಮುಂದಿನ ಜನಗಣತಿಯೂ ಕ್ಷೇತ್ರಗಳ ಪುನರ್ವಿಂಗಡಣೆಯೂ ಆದ ಮೇಲೆಯೇ ಅದು ಜಾರಿಗೆ ಬರತಕ್ಕದ್ದು.

ಈ ತಿದ್ದುಪಡಿಯಲ್ಲಿ ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳಲ್ಲಿಯೂ ಮೂರರಲ್ಲೊಂದು ಸ್ತ್ರೀಯರಿಗೇ ಸಲ್ಲುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ 2008ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಕ್ಷೇತ್ರಗಳು. ಆದುದರಿಂದ ಮುಂದೊಂದು ದಿನ ಈ ಭಾಗದ ಲಿಂಗಾಯತ ಗೃಹಸ್ಥನು ನಾಯಕ ಜನಾಂಗದ ಸಹೋದರಿಯೊಬ್ಬಳಿಗೆ ಮತ ಕೊಡಬೇಕಾಗಬಹುದು. ಆಗ ಆಕೆಯ ಕುಲವನ್ನು ಎಣಿಸಿ ಹಿಂಜರಿಯುವುದೂ, ಹೆಣ್ಣೆಂದು ಎಣಿಸಿ ಹಿಂಜರಿಯುವುದೂ ಒಂದೇ ದೋಷದ ಎರಡು ಮುಖಗಳು. ಕಲ್ಯಾಣದ ಮಂಟಪದಲ್ಲಿ ಎರಡಕ್ಕೂ ಎಡೆಯಿರಲಿಲ್ಲ.

೫. ಬದಲಿಯಿಂದ ಸಲ್ಲದ ಪೂಜೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಸೊಸೆಯ ಬದಲು ಮಗನು ಸಭೆಗೆ ಹೋದರೆ ತಪ್ಪೇನು?

ಲಿಂಗಧಾರಿಗಳಾದ ನಮಗೆ ಇದಕ್ಕೆ ಉತ್ತರವು ಅಂಗೈಯಲ್ಲಿಯೇ ಇದೆ. ಇಷ್ಟಲಿಂಗವು ಪ್ರತಿಯೊಬ್ಬರಿಗೂ ಬೇರೆ ಬೇರೆ. ಗಂಡನ ಲಿಂಗ ಗಂಡನಿಗೆ, ಹೆಂಡತಿಯ ಲಿಂಗ ಹೆಂಡತಿಗೆ. ಗಂಡನು ಮಾಡಿದ ಪೂಜೆಯಿಂದ ಹೆಂಡತಿಯ ಪೂಜೆಯು ಆದಂತಾಗುವುದಿಲ್ಲ. ತನ್ನ ಪೂಜೆಯನ್ನು ತಾನೇ ಮಾಡಬೇಕಲ್ಲದೆ ಇನ್ನೊಬ್ಬರ ಕೈಯಿಂದ ಮಾಡಿಸತಕ್ಕುದಲ್ಲವೆಂಬುದು ಬಸವಣ್ಣನವರ ಸ್ಪಷ್ಟವಾದ ಬೋಧೆ. ದೀಕ್ಷೆಯಲ್ಲಿ ಹೆಣ್ಣಿಗೂ ಗಂಡಿಗೂ ಭೇದವಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಆ ಅಭೇದದ ಅರ್ಥವಾದರೂ ಏನು? ಆಕೆಯ ಹೊಣೆಯನ್ನು ಆಕೆಯೇ ಹೊರಬಲ್ಲಳೆಂದಲ್ಲವೇ?

ಕಾಯಕವೂ ಹಾಗೆಯೇ. ಜನರು ಮತ ಕೊಟ್ಟು ಒಪ್ಪಿಸಿದ ಕೆಲಸವು ಆ ಸದಸ್ಯೆಯ ಕಾಯಕ. ಗಂಡನು ಸಭೆಯಲ್ಲಿ ಕುಳಿತು, ಹೆಂಡತಿಯು ಮನೆಯಲ್ಲಿ ಸಹಿ ಹಾಕಿದರೆ ಎರಡು ದೋಷಗಳು ಒದಗುತ್ತವೆ: ಗಂಡನು ತನ್ನದಲ್ಲದ ಕಾಯಕವನ್ನು ಮಾಡಿದನು, ಹೆಂಡತಿಯು ತನ್ನ ಕಾಯಕವನ್ನು ಮಾಡದೆಯೇ ಮಾಡಿದೆನೆಂದು ಬರೆದುಕೊಟ್ಟಳು. ಮೊದಲನೆಯದು ಅತಿಕ್ರಮ, ಎರಡನೆಯದು ಅಸತ್ಯ.

ಲೋಕವ್ಯವಹಾರದ ದೃಷ್ಟಿಯಿಂದಲೂ ನೋಡಿರಿ. ಗ್ರಾಮ ಪಂಚಾಯತಿಯ ಹಣವು ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಗಳ ಜಂಟಿ ಒಪ್ಪಿಗೆಯಿಂದ ಹೊರಡುತ್ತದೆ. ಅಧ್ಯಕ್ಷೆಯ ಸಹಿಯನ್ನೋ ಗಣಕಯಂತ್ರದ ಸಹಿಯ ಕೀಲಿಯನ್ನೋ ಗಂಡನು, ಮೈದುನನು ಅಥವಾ ಗುತ್ತಿಗೆದಾರನು ಬಳಸಿದನೆಂದು ತಿಳಿಯಿರಿ. ನಾಳೆ ಕಾಮಗಾರಿಯಲ್ಲಿ ಕೊರತೆ ಕಂಡುಬಂದರೆ ವಿಚಾರಣೆಯ ಕಾಗದವು ಯಾರ ಹೆಸರಿಗೆ ಬರುತ್ತದೆ? ಸಭೆಯನ್ನೇ ಕಾಣದ ಆ ಹೆಣ್ಣುಮಗಳ ಹೆಸರಿಗೆ. ಮಾನವನ್ನು ಮನೆಯಲ್ಲಿ ಉಳಿಸಲು ಹೋದವರು ಆಕೆಯ ಮಾನವನ್ನೇ ಅಡವಿಟ್ಟಂತಾಯಿತು. ಈ ರೂಢಿಯು ನಮ್ಮ ಸೀಮೆಗಷ್ಟೇ ಸೇರಿದುದಲ್ಲ. ಉತ್ತರದ ರಾಜ್ಯಗಳಲ್ಲಿ ಇದು ಎಷ್ಟು ಬೇರೂರಿದೆಯೆಂದರೆ, ಅಧ್ಯಕ್ಷೆಯ ಗಂಡನಿಗೆ ‘ಸರಪಂಚ ಪತಿ’ ಎಂಬ ಹೆಸರೇ ಬಿದ್ದಿದೆ. ಇದನ್ನು ತಡೆಯುವ ಮಾರ್ಗವನ್ನು ಹೇಳಲು ಕೇಂದ್ರ ಸರ್ಕಾರವು 2023ರಲ್ಲಿ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು.

೬. ನೀರು, ಹುಲ್ಲು, ನೂಲು

“ಯಾರು ಕುಳಿತರೇನು, ಕೆಲಸ ನಡೆದರೆ ಸಾಕು” ಎನ್ನುವವರೂ ಉಂಟು. ಕೆಲಸದ ಮಾತನ್ನೇ ಎತ್ತಿಕೊಳ್ಳೋಣ. ನಮ್ಮದು ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ದೋಷವು ಅನೇಕ ಊರುಗಳಲ್ಲಿದೆ; ಮಕ್ಕಳ ಹಲ್ಲು ಕಂದುವುದನ್ನೂ ಹಿರಿಯರ ಕೀಲುಗಳು ಬಿಗಿಯುವುದನ್ನೂ ಮೊದಲು ಕಾಣುವವಳು ತಾಯಿ. ಕೊಡವನ್ನು ಹೊತ್ತವಳಿಗೆ ನೀರಿನ ದೂರ ತಿಳಿದಷ್ಟು ಇನ್ನೊಬ್ಬರಿಗೆ ತಿಳಿಯದು. ಎಸ್ತರ್ ಡುಫ್ಲೋ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಎಂಬ ವಿದ್ವಾಂಸರು ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೀಸಲಾತಿಯಿಂದ ಸ್ತ್ರೀಯರು ಮುಖ್ಯಸ್ಥರಾದ ಕಡೆಗಳಲ್ಲಿ ಕುಡಿಯುವ ನೀರಿನ ಕೆಲಸಗಳಿಗೆ ಹೆಚ್ಚು ಹಣ ವಿನಿಯೋಗವಾದುದು ಕಂಡುಬಂದಿತು.

ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳ ಸಂಗತಿಯನ್ನೂ ನೆನೆಯಿರಿ. ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಾಗ ಇಲ್ಲಿನ ಜನರು ಹಸಿರು ನ್ಯಾಯಮಂಡಲಿಯವರೆಗೂ ಹೋದರು. ಆ ಯೋಜನೆಗಳ ಗುಣದೋಷವನ್ನು ಇಲ್ಲಿ ವಿಮರ್ಶಿಸುವುದಿಲ್ಲ. ಆದರೆ ಕುರಿ ಮೇಕೆಗಳಿಗೆ ಮೇವು ಹೊಂದಿಸಿ, ಕಂಬಳಿಗೆ ಉಣ್ಣೆಯನ್ನು ನೂತುಕೊಡುವ ಹೆಣ್ಣಿಗೆ ಆ ಹುಲ್ಲಿನ ಬೆಲೆ ತಿಳಿದಿರುತ್ತದೆ. ಅಂಥವಳು ಗ್ರಾಮಸಭೆಯಲ್ಲಿ ಮಾತನಾಡದೆ ಹೋದರೆ ಊರಿನ ಅರ್ಧ ತಿಳಿವಳಿಕೆಯು ಸಭೆಯ ಹೊರಗೆ ಉಳಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆಯ ಮಗ್ಗವಿರುವ ಮನೆಗಳಿಗೂ ಈ ಮಾತು ಸಲ್ಲುತ್ತದೆ. ನೂಲುವ ರೆಮ್ಮವ್ವೆಗೆ ಕಲ್ಯಾಣದಲ್ಲಿ ಆಸನವಿತ್ತು; ನೂಲುವ ನಮ್ಮ ತಾಯಂದಿರಿಗೆ ಊರ ಸಭೆಯಲ್ಲಿ ಇರಬೇಡವೇ?

೭. ಕೆಲವು ಆಕ್ಷೇಪಗಳು

“ಆಕೆಗೆ ಅನುಭವವಿಲ್ಲ” ಎಂಬುದು ಮೊದಲನೆಯ ಆಕ್ಷೇಪ. ಮೊದಲ ಸಲ ಗೆದ್ದ ಗಂಡಸಿಗಾದರೂ ಅನುಭವವು ಎಲ್ಲಿರುತ್ತದೆ? ಸದಸ್ಯರ ತರಬೇತಿಗೆಂದೇ ಮೈಸೂರಿನಲ್ಲಿ ಅಬ್ದುಲ್ ನಜೀರ್‌ಸಾಬರ ಹೆಸರಿನ ರಾಜ್ಯ ಸಂಸ್ಥೆಯಿದೆ. ತರಬೇತಿಯ ಕರೆ ಬಂದಾಗ ಸೊಸೆಯನ್ನು ಕಳುಹಿಸಿರಿ. ಅನುಭವವು ತಾನಾಗಿಯೇ ಬರುವುದು.

“ರಾಜಕೀಯವು ಕೆಸರು, ಮನೆಯ ಹೆಣ್ಣನ್ನು ಅಲ್ಲಿಗೇಕೆ ಇಳಿಸಬೇಕು?” ಎಂಬುದು ಎರಡನೆಯದು. ಕೆಸರೆಂದು ಬಲ್ಲ ಮೇಲೆ ಆಕೆಯ ಹೆಸರಿನಲ್ಲಿ ನಾಮಪತ್ರವನ್ನು ಹಾಕಿದುದೇಕೆ? ಹೆಸರು ಬೇಕು, ಆಕೆ ಬೇಡವೆಂದರೆ ಅದು ನ್ಯಾಯವಲ್ಲ. ಮೇಲಾಗಿ, ಕೆಸರನ್ನು ತೊಳೆಯುವವರು ಒಳಗೆ ಬಾರದೆ ಅದು ಹೋಗುವುದಾದರೂ ಹೇಗೆ? ತತ್ತ್ವಕ್ಕಾಗಿ ಮಂತ್ರಿಪದವಿಯನ್ನು ಬಿಟ್ಟ ಯಶೋಧರಮ್ಮನವರು ನಮ್ಮ ಕಣ್ಣಮುಂದಿದ್ದಾರೆ.

“ಮೇಲಿನ ಸಭೆಗಳಿಗೆ ಹೋಗುವವರೆಲ್ಲ ದೊಡ್ಡ ಮನೆತನದ ಸೊಸೆಯರು, ಹೆಣ್ಣುಮಕ್ಕಳು” ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. 2024ರಲ್ಲಿ ನೆರೆಯ ದಾವಣಗೆರೆಯ ಲೋಕಸಭಾ ಕ್ಷೇತ್ರದಲ್ಲಿ ಎರಡು ಪ್ರಮುಖ ಪಕ್ಷಗಳೂ ಸ್ತ್ರೀಯರನ್ನೇ ನಿಲ್ಲಿಸಿದುವು. ಇಬ್ಬರೂ ರಾಜಕೀಯ ಮನೆತನಗಳವರೇ. ಆದರೆ ಈ ಆಕ್ಷೇಪವನ್ನು ಗಂಡುಮಕ್ಕಳ ವಿಷಯದಲ್ಲಿಯೂ ಅಷ್ಟೇ ಗಟ್ಟಿಯಾಗಿ ಎತ್ತಬೇಕು. ಬಾಗಿಲು ಯಾವುದೇ ಇರಲಿ, ಒಳಗೆ ಬಂದ ಮೇಲೆ ಆಕೆಯು ಕೇಳುವ ಲೆಕ್ಕವನ್ನೂ ಕೊಡುವ ಲೆಕ್ಕವನ್ನೂ ನೋಡಿ ತೂಗಬೇಕು. ಮನೆತನವಿಲ್ಲದ ಸಾಮಾನ್ಯ ಸ್ತ್ರೀಯು ವಿಧಾನಸಭೆಯ ಮೆಟ್ಟಿಲನ್ನು ಏರಬೇಕಾದರೆ ಆಕೆಯ ಮೊದಲ ಮೆಟ್ಟಿಲು ಗ್ರಾಮ ಪಂಚಾಯತಿಯೇ. ಆ ಮೊದಲ ಮೆಟ್ಟಿಲಿನಲ್ಲಿಯೇ ಗಂಡನು ಕುಳಿತುಬಿಟ್ಟರೆ ಮುಂದಿನ ಮೆಟ್ಟಿಲುಗಳ ಮಾತೆಲ್ಲಿ?

೮. ಗೃಹಸ್ಥರ ಆಚರಣೆಗೆ

ಕಾನೂನು ಪೀಠವನ್ನು ಕೊಟ್ಟಿದೆ. ಆ ಪೀಠದ ಮೇಲೆ ಕುಳಿತು ಮಾತನಾಡುವ ಅವಕಾಶವನ್ನು ಮನೆಯವರು ಕೊಡಬೇಕು. ಸಭೆಯ ದಿನ ಅಡುಗೆಯನ್ನೂ ಮಗುವನ್ನೂ ದನಕರುಗಳನ್ನೂ ಮನೆಯ ಉಳಿದವರು ನೋಡಿಕೊಳ್ಳಲಿ, ಅದೂ ದಾಸೋಹವೇ. ಗಂಡನು ಸಭೆಯ ಬಾಗಿಲವರೆಗೆ ಬಂದು ಬಿಟ್ಟು ಹೋಗಲಿ, ಒಳಗೆ ಬಾರದಿರಲಿ. ಓದದ ಕಾಗದಕ್ಕೆ ಸಹಿಯಿಲ್ಲವೆಂಬ ನೇಮವನ್ನು ಸದಸ್ಯೆಯು ಹಿಡಿಯಲಿ. ಓದು ಬಾರದಿದ್ದರೆ ಸಭೆಯಲ್ಲಿಯೇ ಗಟ್ಟಿಯಾಗಿ ಓದಿಸಿ ಕೇಳಲಿ. ಸದಸ್ಯರಲ್ಲದ ತಾಯಂದಿರು ವಾರ್ಡುಸಭೆ, ಮಹಿಳಾ ಗ್ರಾಮಸಭೆ, ಗ್ರಾಮಸಭೆಗಳಿಗೆ ತಪ್ಪದೆ ಹೋಗಲಿ. ಅಲ್ಲಿ ಹತ್ತು ಮಂದಿ ಹೆಂಗಸರು ಕುಳಿತಿದ್ದರೆ ಮಾತನಾಡುವ ಒಬ್ಬಳಿಗೆ ಧೈರ್ಯ ಬರುತ್ತದೆ.

ಇಷ್ಟನ್ನು ಆ ಸಂಜೆ ಸಂಕ್ಷೇಪವಾಗಿ ಹೇಳಿದಾಗ ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಕೂಸು ಒಂದು ವರ್ಷದ್ದು, ಬುದ್ಧಿ. ಅದನ್ನ ನಾನೇ ಎತ್ತಿಕೊಂಡಿರಬೇಕಾಗ್ತೈತೆ” ಎಂದರು. “ಎತ್ತಿಕೊಳ್ಳಿ ತಾಯಿ, ಅದೇ ನಿಮ್ಮ ಕಾಯಕವಾಗಲಿ” ಎಂದು ಉತ್ತರವಾಯಿತು. ಅವರು ಶರಣು ಮಾಡಿ ಎದ್ದರು.

ಮನನಕ್ಕೆ

ಅಲ್ಲಮನು ಅಕ್ಕನನ್ನು ಪರೀಕ್ಷಿಸಿದಾಗ ಸಭೆಯು ತಾಳಿದ ಮೌನದಿಂದ ನಾವು ಕಲಿಯಬೇಕಾದುದೇನು?

ಲಕ್ಕಮ್ಮನ ಪ್ರಶ್ನೆಗೆ ಮಾರಯ್ಯನು ನಡೆದುಕೊಂಡಂತೆ ನಾವು ನಮ್ಮ ಮನೆಗಳಲ್ಲಿ ನಡೆದುಕೊಳ್ಳುತ್ತಿದ್ದೇವೆಯೇ?

ನಮ್ಮ ಊರಿನ ಸದಸ್ಯೆಯರಲ್ಲಿ ಕಳೆದ ಸಭೆಗೆ ತಾವೇ ಹೋದವರೆಷ್ಟು ಮಂದಿ? ತಾವೇ ಮಾತನಾಡಿದವರೆಷ್ಟು ಮಂದಿ?

ಇವುಗಳಿಗೆ ಗಂಡಹೆಂಡಿರು ಕೂಡಿ ಕುಳಿತು ಉತ್ತರವನ್ನು ಹುಡುಕಿಕೊಳ್ಳಲಿ.